ಸಿಂದಗಿ ಎಂದು ಹೆಸರಿಟ್ಟ ಡೆಸ್ಕ್‌ಟಾಪ್

ನಮ್ಮ ಚಾಚಾ ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೆ ನಾಲಿಗೆಯನ್ನು ಒಮ್ಮೆ ಲೊಚ್ಚೆನ್ನಿಸುತ್ತಾರೆ. ಹಳೆಯ ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಟಿಂಗ್ ಅನ್ನುತ್ತಿತ್ತಲ್ಲ, ಹಾಗೆ. ಒಂದು ದಿನ ಬಸವನ ಬಾಗೇವಾಡಿಯ ಅವರ ಟೈಪಿಂಗ್ ಕ್ಲಾಸಿನಲ್ಲಿ ಹುಡುಗಿಯರ ಮುಂದೆ ನಾನು ಚಾಚಾನ ದನಿ ತೆಗೆದು ಪಾಠ ಮಾಡುತ್ತಿದ್ದೆ. ಯಾರೂ ನಗಲಿಲ್ಲ. ನಗದಿದ್ದಾಗಲೇ ನನಗೆ ತಿಳಿಯಬೇಕಿತ್ತು. ಹಿಂದೆ ಬಾಗಿಲಲ್ಲಿ ನಿಂತಿದ್ದ ಚಾಚಾ ಬೈಯಲಿಲ್ಲ. “ಕಡೀಕ ಟಿಂಗ್ ಸ್ವಲ್ಪ ಕಮ್ಮಿ ಬಿತ್ತು ಮಗನ, ಇನ್ನೊಮ್ಮೆ ಮಾಡು” ಅಂದರು. ಇನ್ನೊಮ್ಮೆ ಮಾಡಲು ನನ್ನಿಂದ ಆಗಲಿಲ್ಲ.

ಚಾಚಾ ನನಗೆ ರಕ್ತಸಂಬಂಧಿಯಲ್ಲ. ಅವರ ಮನೆತನ ಬಾಗೇವಾಡಿಯಲ್ಲಿ ತಲೆತಲಾಂತರದಿಂದ ಇದೆ. ಅವರ ತಂದೆ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಚಾಚಾ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ನಾಲ್ಕೂ ಕಡೆ ಟೈಪಿಂಗ್ ಕ್ಲಾಸು ನಡೆಸುತ್ತಾರೆ. ನಾನು ಅದೇ ಕಡೆಯ ಮಸೂತಿ ಎಂಬ ಹಳ್ಳಿಯವನು. ಡಿಪ್ಲೊಮಾ ಮುಗಿಸಿ, ಅವರ ಕ್ಲಾಸಿನ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದೇನೆ. ದುರಸ್ತಿಗಿಂತ ಮಿಮಿಕ್ರಿಗೇ ನನಗೆ ಹೆಸರು ಹೆಚ್ಚು. ಕಂಡಕ್ಟರ್, ಕಾಲುವೆ ಸಾಹೇಬರು, ಮದುವೆಯಲ್ಲಿ ಮೈಕ್ ಬಿಡದ ಮಾವ, ಯಾರನ್ನು ಕೇಳಿದರೂ ತೆಗೆಯುತ್ತೇನೆ. ನನ್ನ ಸ್ವಂತ ದನಿಯ ಬಗ್ಗೆ ಮಾತ್ರ ಕೇಳಬೇಡಿ. ಕೆಮ್ಮು ಹತ್ತಿದ ಕುರಿ ಎಂದು ಅವ್ವ ಹೇಳುತ್ತಾಳೆ, ಕುರಿಗಳನ್ನು ಕಂಡವಳು ಅವಳು.

ಒಂದು ದಿನ ಚಾಚಾ ನನ್ನ ಅಂಗಡಿಗೆ ಬಂದು ಕೂತರು. ಅವರ ಕ್ಲಾಸುಗಳಲ್ಲಿದ್ದ ಮಷೀನುಗಳು ಹಳೆಯವು. ಅವುಗಳ ಮೇಲಿದ್ದ ವ್ಯವಸ್ಥೆಗೆ ಕಂಪನಿಯವರು ಇನ್ನು ಮುಂದೆ ಅಪ್‌ಡೇಟ್ ಕೊಡುವುದಿಲ್ಲ ಎಂದು ಪರದೆಯ ಮೇಲೆ ಸೂಚನೆ ಬರುತ್ತಿತ್ತು. ಹೊಸ ವ್ಯವಸ್ಥೆ ಹಾಕೋಣವೆಂದರೆ ಅದು ಈ ಮಷೀನುಗಳ ಮೇಲೆ ಕೂರುವುದಿಲ್ಲ. ನಾನು ಲಿನಕ್ಸ್ ಹಾಕೋಣ ಎಂದೆ.

“ಲಿನಕ್ಸ್ ಅಂದ್ರ ಏನಲೇ?”

“ಬಿಟ್ಟಿ ಸಿಗ್ತೈತಿ ಚಾಚಾ. ಹಳೇ ಮಷೀನ್‌ನಾಗೂ ನಡೀತೈತಿ.”

“ಬಿಟ್ಟಿ ಅಂತ ಹೇಳಿದ ಮ್ಯಾಲೆ ಉಳದದ್ದು ಯಾಕ ಹೇಳ್ತಿ? ಹಾಕು.”

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಲಿನಕ್ಸ್ ಒಳಗೆ ಒಂದೇ, ಆದರೆ ಅದರ ಮುಖ ಹಲವು. ಮೆನು ಎಲ್ಲಿರಬೇಕು, ಪಟ್ಟಿ ಮೇಲಿರಬೇಕೋ ಕೆಳಗಿರಬೇಕೋ, ಕಿಟಕಿ ತೆರೆದರೆ ಸುಮ್ಮನೆ ತೆರೆಯಬೇಕೋ ಕುಣಿಯುತ್ತ ತೆರೆಯಬೇಕೋ, ಇದನ್ನೆಲ್ಲ ನೋಡಿಕೊಳ್ಳುವ ಭಾಗಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ. ಒಂದೇ ಮಷೀನಿನಲ್ಲಿ ಎರಡು ಮೂರು ಡೆಸ್ಕ್‌ಟಾಪ್ ಇಡಬಹುದು. ಪಾಸ್‌ವರ್ಡ್ ಕೇಳುವ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುರುತಿರುತ್ತದೆ. ಒತ್ತಿದರೆ ಹೆಸರುಗಳು ಇಳಿಯುತ್ತವೆ. ಬೇಕಾದ್ದನ್ನು ಆರಿಸಿ ಒಳಗೆ ಹೋದರಾಯಿತು. ಗಂಟಲು ಒಂದೇ, ದನಿ ಬೇರೆ ಬೇರೆ. ಇಷ್ಟು ಕೇಳಿದ ಮೇಲೆ ನನ್ನಂಥವನು ಒಂದಕ್ಕೆ ನಿಲ್ಲುತ್ತಾನೆಯೇ? ಮದುವೆಯ ಪಂಕ್ತಿಯಲ್ಲಿ ಬಡಿಸಲು ಬಂದದ್ದಕ್ಕೆಲ್ಲ ಎಲೆ ತೋರಿಸುವವರ ಪೈಕಿ ನಾನು. ನಾಲ್ಕು ಡೆಸ್ಕ್‌ಟಾಪ್ ತುಂಬಿದೆ. ಎಲ್ಲ ಊರಿಗೂ ಒಂದೇ ಪೆನ್‌ಡ್ರೈವ್, ಎಲ್ಲ ಮಷೀನಿನಲ್ಲೂ ಅದೇ ನಾಲ್ಕು.

ತಯಾರಾದ ಮೇಲೆ ಚಾಚಾನನ್ನು ಕರೆದು ತೋರಿಸಿದೆ. ಇಂಗ್ಲಿಷಿನಲ್ಲಿದ್ದ ನಾಲ್ಕು ಹೆಸರನ್ನೂ ಅವರು ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಟಿಂಗ್ ಅನ್ನಿಸಿದರು.

“ಇದೇನಲೇ ಇದು! ಒಂದು ದವಾಖಾನಿ ಹೆಸರು, ಒಂದು ಮಸಾಲಿ ಹೆಸರು, ಉಳದ ಎರಡು ಲಾರಿ ನಂಬರ್ ಆದ್ವು. ಇದನ್ನ ಓದಿ ನಮ್ಮ ಹುಡುಗ್ಯಾರು ಏನ್ ತಿಳಕೋಬೇಕು?”

“ಹೆಸರು ಬದಲೀ ಮಾಡಾಕ ಬರ್ತೈತಿ ಚಾಚಾ. ಒಂದು ಸಣ್ಣ ಫೈಲ್‌ನಾಗ ಒಂದ ಸಾಲು, ಅಷ್ಟ.”

“ಮತ್ತ ಯಾಕ ಕುಂತಿ? ನಮ್ಮೂವು ನಾಕ ಊರ ಅದಾವಿಲ್ಲ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಅವನ್ನ ಇಡು. ಬಸ್ಸಿನ ಬೋರ್ಡ್ ಇದ್ದಂಗ. ಓದಾಕ ಬರಲಾರದ ಮುದುಕಿನೂ ತನ್ನೂರ ಬೋರ್ಡ್ ಗುರುತ ಹಿಡೀತಾಳ.”

ನನಗೆ ಈ ಮಾತು ಬಹಳ ಹಿಡಿಸಿತು. ಯಾವುದಕ್ಕೆ ಯಾವ ಊರು ಎಂದು ಆರಿಸುವುದು ನನ್ನ ಪಾಲಿಗೆ ಬಂತು, ನಾನು ನನ್ನ ಕಸುಬಿನ ಪ್ರಕಾರವೇ ಆರಿಸಿದೆ. ಅತಿ ಹಗುರವಾದ, ಒಂದು ಗೆರೆಯೂ ಹೆಚ್ಚಿಲ್ಲದ ಡೆಸ್ಕ್‌ಟಾಪಿಗೆ ಇಂಡಿ ಎಂದೆ. ಇಂಡಿಯವರು ಮಾತನ್ನು ಲಿಂಬೆಹಣ್ಣಿನಂತೆ ಹಿಂಡಿ ಹನಿ ಹನಿಯಾಗಿ ಬಿಡುತ್ತಾರೆ ಎಂದು ನನ್ನ ವಾದ. ಪಟ್ಟಿ ನೆತ್ತಿಯ ಮೇಲಿರುವುದಕ್ಕೆ ಮುದ್ದೇಬಿಹಾಳ, ಏಕೆಂದರೆ ಯಾವ ಪಂಚಾಯ್ತಿಯಲ್ಲೂ ಅವರ ಕೈ ಮೇಲೆಯೇ ಇರಬೇಕು. ಹಳೆಯ ಮಷೀನಿನಲ್ಲಿ ಕಂಡಂತೆಯೇ ಕಾಣುವ, ಯಾರ ತಂಟೆಗೂ ಹೋಗದ ಡೆಸ್ಕ್‌ಟಾಪಿಗೆ ಬಾಗೇವಾಡಿ. ನನ್ನ ಅಂಗಡಿಯ ಊರನ್ನು ಒಳ್ಳೆಯದಕ್ಕೇ ಇಟ್ಟುಕೊಂಡೆ, ಸುಳ್ಳೇಕೆ ಹೇಳಲಿ. ಉಳಿದದ್ದು ಕಿಟಕಿ ಎಳೆದರೆ ಹಲ್ವಾದಂತೆ ಅಲುಗುವ, ಮುಚ್ಚಿದರೆ ಹೊಗೆಯಂತೆ ಕರಗುವ ಶೋಕಿ ಡೆಸ್ಕ್‌ಟಾಪ್. ನನ್ನ ಅತ್ತಿಗೆಯ ತವರು ಸಿಂದಗಿ. ಆ ಮನೆಯವರು ಕಿರಾಣಿ ಅಂಗಡಿಗೆ ಹೋಗಲೂ ಇಸ್ತ್ರಿ ಹಾಕುತ್ತಾರೆ. ಅದಕ್ಕೆ ಸಿಂದಗಿ ಎಂದು ಬರೆದೆ. ಚಾಚಾ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ನಾಲ್ಕೂ ಊರು ತಿರುಗಿ ಎಲ್ಲ ಮಷೀನಿಗೂ ಹಾಕಿ ಬಂದೆ. ಇಂಡಿಯಿಂದ ದೂರು ಬರಲಿಲ್ಲ. ಬಾಗೇವಾಡಿಯಲ್ಲಿ ಕನ್ನಡ ಟೈಪಿಂಗ್ ಕಲಿಯಲು ಆಲಮಟ್ಟಿಯಿಂದ ಬರುವ ಕಾಲುವೆ ಕಚೇರಿಯವರು ಸುಮ್ಮನಿದ್ದರು, ಅವರು ಸುಮ್ಮನಿದ್ದರೆ ಹಬ್ಬ. ಮುದ್ದೇಬಿಹಾಳದ ಕ್ಲಾಸಿಗಂತೂ ತಾಳಿಕೋಟೆಯಿಂದ ಹೊಸ ಹುಡುಗರು ಬಂದು ಮಷೀನು ಸಾಲುತ್ತಿಲ್ಲ ಎಂಬ ಸುದ್ದಿ ಬಂತು. ಸಿಂದಗಿಯಿಂದ ಮಾತ್ರ ಬೇರೆ ಸುದ್ದಿ. ಮಷೀನು ತೆರೆಯುವುದರೊಳಗೆ ಕ್ಲಾಸಿನ ಹೊತ್ತು ಮುಗಿಯುತ್ತದೆ, ಒಂದಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಬೇಸರ ಬರುತ್ತದೆ ಎಂದು ಒಬ್ಬೊಬ್ಬರಾಗಿ ಕ್ಲಾಸು ಬಿಡತೊಡಗಿದರು. ಪರೀಕ್ಷೆ ಹತ್ತಿರವಿತ್ತು.

ಚಾಚಾ ಲೆಕ್ಕ ಸರಳ ಮಾಡಿಕೊಂಡರು. ಮುದ್ದೇಬಿಹಾಳದಲ್ಲಿ ಮಂದಿ ಇದ್ದಾರೆ, ಮಷೀನಿಲ್ಲ. ಸಿಂದಗಿಯಲ್ಲಿ ಮಷೀನಿವೆ, ಮಂದಿ ಇಲ್ಲ. ಸಿಂದಗಿಯ ಕ್ಲಾಸು ಮುಚ್ಚಿ ಎಲ್ಲವನ್ನೂ ಮುದ್ದೇಬಿಹಾಳಕ್ಕೆ ಸಾಗಿಸುವುದು.

“ಎಲ್ಲಾ ಕಡೆ ಅದ ಪೆನ್‌ಡ್ರೈವ್, ಅದ ಸಾಮಾನು. ಅಲ್ಲಷ್ಟ ಯಾಕ ಸಾಯ್ತಾವ ಮಷೀನು? ಅಕ್ಕೋರಿಗೆ ಕಣ್ಣು ಸರೀ ಕಾಣಂಗಿಲ್ಲ, ಮಷೀನ್ ಹ್ಯಾಂಗ ನೋಡಿಕೋತಾರ ಪಾಪ” ಅಂದರು. “ನೀ ಇವತ್ತ ಹೋಗಿ ವೈರ್ ಬಿಚ್ಚಿ ಕಟ್ಟಿಡು. ನಾಳೆ ಮುಂಜಾನಿ ನಾನು ಟೆಂಪೋ ತಗೊಂಡ ಬರ್ತೇನಿ.”

ಅಕ್ಕೋರು ಅಂದರೆ ಸಿಂದಗಿಯ ಕ್ಲಾಸು ನಡೆಸುವ ಟೀಚರು. ನಲವತ್ತರ ಆಚೀಚೆಯ ಹೆಂಗಸು. ಹುಟ್ಟಿನಿಂದಲೇ ದೃಷ್ಟಿ ಮಂದ. ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಕಾಗದವನ್ನು ಮೂಗಿಗೆ ತಾಗಿಸಿ ಓದುತ್ತಾರೆ. ಅವರು ಓದುವ ರೀತಿಯನ್ನು ನಾನು ಒಮ್ಮೆ ಅತ್ತಿಗೆಯ ತವರಿನಲ್ಲಿ ಅಭಿನಯಿಸಿದ್ದೆ, ಆ ಮನೆಯ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕಿದ್ದರು.

ದೇವರ ಹಿಪ್ಪರಗಿ ದಾಟಿ ಬಸ್ಸು ಸಿಂದಗಿ ತಲುಪುವಾಗ ಮಧ್ಯಾಹ್ನದ ಬ್ಯಾಚು ನಡೆದಿತ್ತು. ಮೆಟ್ಟಿಲು ಹತ್ತುವ ಸಪ್ಪಳಕ್ಕೇ ಅಕ್ಕೋರು ಗುರುತು ಹಿಡಿದರು.

“ಬಾ ತಮ್ಮಾ. ಕಟ್ಟಾಕ ಬಂದಿಯೇನು? ಹಗ್ಗ ತಂದೀಯಿಲ್ಲ?”

“ತಂದಿಲ್ರಿ ಅಕ್ಕೋರ.”

“ಹಂಗಾರ ಚಹಾ ಕುಡಿ ಮೊದಲ.”

ಚಹಾ ತರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಸಿಟ್ಟಿದ್ದರೆ ಏನಾದರೂ ಅಂದು ನಗಿಸಬಹುದಿತ್ತು. ಕಪ್ಪು ಕೆಳಗಿಟ್ಟು ಅವರೇ ಹೇಳಿದರು: “ಮಷೀನ್ ಎಲ್ಲಿಗರೇ ಹೋಗ್ಲಿ. ನಾ ಎಲ್ಲಿಗೆ ಹೋಗ್ಲಿ? ಮನಿಯಿಂದ ಇಲ್ಲೀತನಾ ಹೆಜ್ಜಿ ಹೆಜ್ಜಿ ಗೊತ್ತೈತಿ ನನಗ. ಮುದ್ದೇಬಿಹಾಳಕ್ಕ ಬರ್ರಿ ಅಂತಾರ ನಿಮ್ಮ ಚಾಚಾ. ಬಸ್ಸಿನ ಬೋರ್ಡ್ ಓದಾಕಾಗದಾಕಿ ದಿನಾ ಬಸ್ ಹಿಡದು ಹೋಗಿ ಬರ್ಲೇನು? ವಿಜಯಪುರದಾಗ ಕೆಲಸಾ ಕೇಳಿದ್ರ, ನನ್ನ ಕಣ್ಣು ನೋಡಿ ನಾಳೆ ಬರ್ರಿ ಅಂತಾರ.”

ನಾನು ಕ್ಲಾಸಿನ ಕಡೆ ತಿರುಗಿದೆ. ಏಳೆಂಟು ಮಷೀನು, ಐದಾರು ಹುಡುಗಿಯರು. ಅರ್ಧ ಮಂದಿ ಕೈಕಟ್ಟಿ ಪರದೆ ನೋಡುತ್ತ ಕೂತಿದ್ದರು. ಒಂದು ಮೂಲೆಯಿಂದ ಮಾತ್ರ ಕೀಲಿಗಳ ಸದ್ದು ಮಳೆಯ ಹಾಗೆ ಬರುತ್ತಿತ್ತು. ಅಲ್ಲಿ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಸೊಸೆ ಕೂತಿದ್ದಳು, ಕೈತುಂಬ ಹಸಿರು ಬಳೆ. ಬಳೆಯ ಸದ್ದು ಯಾವುದು, ಕೀಲಿಯ ಸದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ.

“ಆಕೀದೊಂದ ಛಲೋ ಮಷೀನು ನೋಡ್ರಿ” ಎಂದು ಪಕ್ಕದವಳು ನನಗೆ ಚಾಡಿ ಹೇಳಿದಳು. “ದಿನಾ ಮೊದಲ ಬಂದು ಹಿಡಕೋತಾಳ. ಒಂದ ದಿನಾನೂ ನಮಗ ಕೊಡಂಗಿಲ್ಲ.”

“ಯಾಕ ಕೊಡಂಗಿಲ್ಲ? ತಗೋ, ಕುಂದ್ರು ಬಾ” ಎಂದು ಸೊಸೆ ಎದ್ದೇಬಿಟ್ಟಳು.

ಇಬ್ಬರೂ ಜಾಗ ಬದಲಿಸಿ, ಮಷೀನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ನಾನು ನೋಡುತ್ತ ನಿಂತೆ. ಸತ್ತೇ ಹೋಗಿದ್ದ ಮಷೀನು ಸೊಸೆಯ ಕೈಗೆ ಬಂದದ್ದೇ ಕಣ್ಣುಬಿಟ್ಟಿತು. ಓಡುತ್ತಿದ್ದ ಮಷೀನು ಪಕ್ಕದವಳ ಮುಂದೆ ಮಲಗಿತು.

“ಕೈಗುಣಾರಿ ಸರ” ಅಂದಳು ಹಿಂದಿನವಳು.

“ಕೈಗುಣಾ ಅಲ್ಲವಾ, ಬಳಿ ಗುಣಾ. ನೀನೂ ಲಗ್ನಾ ಮಾಡಿಕೋ” ಅಂದಳು ಮತ್ತೊಬ್ಬಳು.

ನಾನು ಮಿಮಿಕ್ರಿಯವನೇ ಹೊರತು ಮಂತ್ರವಾದಿಯಲ್ಲ. ಮತ್ತೊಮ್ಮೆ ಬಂದ್ ಮಾಡಿಸಿ, ಇಬ್ಬರೂ ಏನೇನು ಒತ್ತುತ್ತಾರೆಂದು ಹೆಗಲ ಮೇಲಿಂದ ನೋಡಿದೆ. ಪಕ್ಕದವಳು ಮೂಲೆಯ ಗುರುತು ಒತ್ತಿ, ಸಿಂದಗಿ ಆರಿಸಿದಳು. ಸೊಸೆ ಆಚೀಚೆ ನೋಡಿ, ಬೇಗನೆ ಇಂಡಿ ಆರಿಸಿದಳು.

“ಇಂಡಿ ಯಾಕ ಒತ್ತಿದಿ ತಂಗಿ?”

ಅವಳು ತಲೆ ತಗ್ಗಿಸಿದಳು. “ನನ್ನ ತವರ ಇಂಡಿರಿ. ಹೆಸರ ಕಂಡಿತು... ಒತ್ತಿದ್ನಿರಿ.”

ಇಡೀ ಕ್ಲಾಸು ಹೋ ಎಂದಿತು. “ಅಯ್ಯ ಈಕಿನ! ಸಿಂದಗಿ ಉಪ್ಪ ಉಂಡು ಇಂಡಿ ಒತ್ತತಾಳ ನೋಡ್ರಿ!” “ನಿಮ್ಮತ್ತೀಗೆ ಹೇಳ್ತೇನಿ ತಡಿ!” “ಅದಕ್ಕ ಓಡ್ತೈತಿ, ತವರಿಗೆ ಹೋಗೂದಲ್ಲೇನು!”

“ಮತ್ತ ನೀವೆಲ್ಲಾ ಸಿಂದಗೀನ ಒತ್ತೀರೇನು?”

“ಮತ್ತೇನ್ರಿ? ಸಿಂದಗಿಯಾಗಿದ್ದು ಇಂಡಿ ಯಾಕ ಒತ್ತೂಣು?”

ಅಲ್ಲಿಗೆ ಗಂಟು ಬಿಚ್ಚಿತು. ಇಂಡಿಯವರು ಅಭಿಮಾನದಿಂದ ಇಂಡಿ ಒತ್ತಿದರು, ಅದು ಹಗುರದ್ದಿತ್ತು, ಓಡಿತು. ಬಾಗೇವಾಡಿಯವರು ಬಾಗೇವಾಡಿ ಒತ್ತಿದರು. ಮುದ್ದೇಬಿಹಾಳದವರು ತಮ್ಮದೇ ಒತ್ತಿದರು, ಅಲ್ಲಿಯ ಮಷೀನುಗಳು ತುಸು ಹೊಸವೂ ಆಗಿದ್ದವು. ಸಿಂದಗಿಯವರ ಪಾಲಿಗೆ ಕುಣಿಯುವ ಕಿಟಕಿ ಬಂತು, ಅದನ್ನು ಹೊರುವ ತ್ರಾಣ ಇಲ್ಲಿಯ ಮಷೀನುಗಳಿಗಿರಲಿಲ್ಲ. ನಾನು ನಾಲ್ಕನ್ನೂ ಪರೀಕ್ಷಿಸಿದ್ದು ನನ್ನ ಅಂಗಡಿಯ ಒಳ್ಳೆಯ ಮಷೀನಿನಲ್ಲಿ. ಬೋರ್ಡಿನಲ್ಲಿ ಊರಿನ ಹೆಸರಿತ್ತು, ಒಳಗೆ ಏನಿದೆ ಎನ್ನುವುದು ಇರಲಿಲ್ಲ. ಬಸ್ಸಿಗೆ ಅಷ್ಟು ಸಾಕು, ಏಕೆಂದರೆ ಬಸ್ಸು ಆ ಊರಿಗೆ ಹೋಗುತ್ತದೆ. ನನ್ನ ಡೆಸ್ಕ್‌ಟಾಪ್ ಎಲ್ಲಿಗೂ ಹೋಗುತ್ತಿರಲಿಲ್ಲ.

ಅಲ್ಲಿಂದಲೇ ಚಾಚಾಗೆ ಫೋನ್ ಹಚ್ಚಿದೆ. ಎಲ್ಲ ಕೇಳಿದ ಮೇಲೆ, “ಹಂಗಾರ ಆ ಸಿಂದಗಿ ತಗದು ಒಗಿ. ಎಲ್ಲಾ ಕಡೆ ಒಂದ ಇರಲಿ, ಹಗೂರಂದು. ಆದ್ರ ಟೆಂಪೋದಾಂವಗ ಹೇಳೀನಿ, ನಾಳೆ ಬರಾಂವನ ನಾನು. ಮಷೀನ್ ಓಡಿದ್ರೂ ಮಂದಿ ಎಲ್ಲೆದಾರ? ಬಂದ ನೋಡ್ತೇನಿ” ಅಂದರು.

ಒಂದೇ ಇಡುವುದು ನನಗೂ ಸರಿ ಕಂಡಿತು. ಅಳಿಸಲು ಕೂತೆ. ಅಷ್ಟರಲ್ಲಿ ಅಕ್ಕೋರು ಹಿಂದಿನಿಂದ ಬಂದು ಕುರ್ಚಿಯ ಬೆನ್ನು ಹಿಡಿದರು.

“ತಡಿ. ಯಾವುದನ್ನ ತಗಿಯಾಕತ್ತಿ?”

“ಸಿಂದಗೀರಿ. ಭಾಳ ವಜ್ಜಿ ಐತ್ರಿ ಅದು.”

“ಅದನ್ನ ತಗದ್ರ ನನ್ನ ತಗದಂಗ ಆಗ್ತೈತಲ್ಲೋ ತಮ್ಮಾ.”

ಬಾಗಿಲ ಬಳಿಯ ತಮ್ಮ ಮಷೀನಿಗೆ ಕರೆದೊಯ್ದರು. ಆ ಕ್ಲಾಸಿನಲ್ಲಿ ಅದೊಂದೇ ಹೊಸದು. ಒಂದು ಕೀಲಿ ಒತ್ತಿ ಹಿಡಿದು ಮೌಸಿನ ಗಾಲಿ ತಿರುಗಿಸಿದರು. ಇಡೀ ಪರದೆ ಹಿಗ್ಗಿ ಒಂದೊಂದು ಅಕ್ಷರ ಅಂಗೈಯಷ್ಟಾಯಿತು. ಮೌಸ್ ಸರಿದಂತೆ ಪುಟವೂ ಸರಿಯುತ್ತಿತ್ತು. ಅವರು ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ಒಬ್ಬ ಹುಡುಗಿಯ ಅಭ್ಯಾಸದ ಹಾಳೆಯನ್ನು ಓದಿ ತಪ್ಪು ಹೇಳಿದರು. ಮೂಗನ್ನು ಪರದೆಗೆ ತಾಗಿಸದೆ ಅವರು ಓದಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಈ ಸೌಕರ್ಯ ಹಗುರದ್ದರಲ್ಲಿ ಇಷ್ಟು ಚೆನ್ನಾಗಿಲ್ಲ. ಅದರಲ್ಲಿ ಅಕ್ಷರ ದೊಡ್ಡದಾದರೆ ಮೆನು ಪರದೆಯಿಂದ ಹೊರಗೆ ಬೀಳುತ್ತದೆ.

“ಕೈ ತಪ್ಪಿ ಒತ್ತಿದಾಗ ಸಿಕ್ಕಿದ್ದಿದು. ಮೊದಲ ಹುಡುಗ್ಯಾರು ಏನ್ ತಪ್ಪ ಒತ್ತಿದ್ರಂತ ಅವ್ರನ್ನ ಕೇಳಬೇಕಾಗಿತ್ತು ನಾನು. ಅವ್ರು ಹೇಳಿದ್ದ ಖರೇ. ಈಗ ತಪ್ಪ ನಾನ ಹಿಡೀತೇನಿ. ಅದಕ್ಕ ಎಲ್ಲಾರಿಗೂ ಸಿಂದಗಿ ಛಲೋ ಐತಿ ಅಂತಿದ್ದೆ.”

“ನೀವೂ ಹೇಳೀರೇನ್ರಿ ಮತ್ತ!”

“ಹೇಳೀನಪಾ. ಅದರಾಗ ನಮ್ಮೂರ ಹೆಸರ ಬ್ಯಾರೆ!”

ಇಬ್ಬರೂ ನಕ್ಕೆವು. ನಕ್ಕ ಮೇಲೆ ಕೆಲಸದ ಮಾತಿಗೆ ಬಂದೆವು. ಎರಡು ಡೆಸ್ಕ್‌ಟಾಪ್ ಉಳಿಯಬೇಕು. ಹಗುರದ್ದು ಹುಡುಗಿಯರಿಗೆ, ಭಾರದ್ದು ಅಕ್ಕೋರಿಗೆ. ಉಳಿದೆರಡು ಯಾಕಿವೆ ಎಂದು ಅವರು ಕೇಳಿದರು. ನಾನು ಯೋಚಿಸಿದೆ. ಬಿಟ್ಟಿ ಸಿಕ್ಕವೆಂದು ಇಟ್ಟಿದ್ದೆ ಎಂದು ಹೇಳಿ, ಅವನ್ನು ಅಲ್ಲೇ ತೆಗೆದೆ.

ಈಗ ಹೆಸರು. ನಾನು ಮೊದಲು ಬರೆದದ್ದು “ಸೈಕಲ್” ಮತ್ತು “ಟ್ರ್ಯಾಕ್ಟರ್”. ಹಗುರ ಭಾರ ತಿಳಿಯುತ್ತದೆ ಎಂದು. ಅಕ್ಕೋರು, “ಟ್ರ್ಯಾಕ್ಟರ್ ಬಿಟ್ಟು ಸೈಕಲ್ ಯಾರ ಹತ್ತತಾರೋ?” ಅಂದರು. ಆಮೇಲೆ “ಹಳೇ ಮಷೀನಿಗೆ”, “ಹೊಸ ಮಷೀನಿಗೆ” ಎಂದು ಬರೆದೆ. ಇದು ನನಗೆ ಬಹಳ ಸ್ಪಷ್ಟವಾಗಿ ಕಂಡಿತು. ಸಂಜೆಯ ಬ್ಯಾಚಿಗೆ ಬಂದ ಕಾಲೇಜು ಹುಡುಗನೊಬ್ಬನನ್ನು ಕೂರಿಸಿ ಏನೂ ಹೇಳದೆ ಬಿಟ್ಟೆವು. ಅವನು ಹೊಸದನ್ನೇ ಒತ್ತಿದ, ಮಷೀನು ಮಲಗಿತು.

“ಹಳೇದ್ದು ಒತ್ತಬೇಕಪಾ, ಮಷೀನ್ ಹಳೇದೈತಿ.”

“ನಾ ಯಾಕ್ರಿ ಹಳೇದ್ದು ಒತ್ತಲಿ? ಫೀ ಎಲ್ಲಾರಷ್ಟ ಕೊಟ್ಟೇನಿ.”

ಅಕ್ಕೋರು ಬಾಯಿಗೆ ಸೆರಗು ಹಿಡಿದರು. ಅವನದೂ ತಪ್ಪಲ್ಲ. ಹಳೆಯದು, ಸಣ್ಣದು, ಹಗುರದ್ದು ಎಂದು ಹಣೆಪಟ್ಟಿ ಕಟ್ಟಿದ ವಸ್ತುವನ್ನು ನಮ್ಮ ಕಡೆ ಸಂತೆಯಲ್ಲಿ ಕೂಡ ಯಾರೂ ಮುಟ್ಟುವುದಿಲ್ಲ. ವಸ್ತು ಎಂಥದ್ದು ಎಂದು ಬರೆದರೆ ಜಗಳ, ಏನು ಕೆಲಸಕ್ಕೆ ಬರುತ್ತದೆ ಎಂದು ಬರೆದರೆ ಸುಮ್ಮನೆ ತೆಗೆದುಕೊಳ್ಳುತ್ತಾರೆ. ಈ ಮಾತು ಅಕ್ಕೋರದು. ನನ್ನದು ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಸಿಂದಗಿಯಲ್ಲಿ ಎಲ್ಲರಿಗೂ ಗೊತ್ತಿದೆ.

ಮೂರನೆಯ ಸಲ ಬರೆದದ್ದು ಬಹಳ ಉದ್ದವಾಯಿತು. “ಟೈಪಿಂಗ್ ಅಭ್ಯಾಸಕ್ಕೆ, ಎಲ್ಲ ಮಷೀನಿನಲ್ಲೂ ಬೇಗ ತೆರೆಯುತ್ತದೆ” ಎಂಬ ಸಾಲು ಆ ಪುಟ್ಟ ಚೌಕದಲ್ಲಿ ಹಿಡಿಸದೆ ಅರ್ಧಕ್ಕೆ ತುಂಡಾಯಿತು. “ಎಲ್ಲ ಮ” ಎಂದು ನಿಂತಿತು. ಹೆಸರಿಡುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ನಾನು ತೊಟ್ಟಿಲ ಮುಂದೆ ಸೋದರತ್ತೆಯರ ಜಗಳವನ್ನು ಅಷ್ಟೊಂದು ಅಣಕಿಸುತ್ತಿರಲಿಲ್ಲ. ಕಡೆಗೆ ನಿಂತದ್ದು ಹೀಗೆ. ಮೊದಲನೆಯದು: “ಟೈಪಿಂಗ್, ಬೇಗ ತೆರೆಯುತ್ತದೆ”. ಎರಡನೆಯದು: “ದೊಡ್ಡ ಅಕ್ಷರ, ಬಾಗಿಲ ಮಷೀನು”.

“ನಂದು ಎಷ್ಟನೇದ್ದು ಇಟ್ಟಿ?” ಎಂದು ಅಕ್ಕೋರು ಕೇಳಿದರು.

“ಎರಡನೇದ್ದುರಿ. ಯಾಕ್ರಿ?”

“ಒಳಗ ಹೋಗೂತನಾ ಅಕ್ಷರ ಸಣ್ಣೂವ ಇರ್ತಾವಲ್ಲೋ. ಓದಾಕ ಬರಂಗಿಲ್ಲ, ಬಾಣದ ಕೀಲಿ ಒತ್ತಿ ಎಣಿಸಿಕೊಂಡ ಹೋಗ್ತೇನಿ. ಮುಂದ ಎಂದರೇ ಹೊಸಾದ್ದು ಹಾಕಿದ್ರ ಕೆಳಗ ಹಾಕು. ನಡಬರಕ ತುರುಕಬ್ಯಾಡ.”

ಅಷ್ಟು ದಿನ ನಾನು ಪೆನ್‌ಡ್ರೈವ್ ಹಿಡಿದು ತಿರುಗಿದ್ದೆ. ಸಾಲಿನ ಕ್ರಮವೂ ಒಂದು ಹೆಸರೇ ಎಂದು ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಚಾಚಾ ಟೆಂಪೋ ಸಮೇತ ಬಂದರು. ನಾನು ಒಂದು ವೈರನ್ನೂ ಬಿಚ್ಚಿಲ್ಲದ್ದನ್ನು ನೋಡಿ ಮುಖ ಬಿಗಿಯಾಯಿತು. ಊರ ಹೆಸರು ತೆಗೆದದ್ದು ಕಂಡು ಇನ್ನಷ್ಟು ಬಿಗಿಯಾಯಿತು.

“ಛಂದನ ಇದ್ವಲ್ಲಲೇ ಊರ ಹೆಸರು. ಇದೇನು, ಔಷಧಿ ಬಾಟ್ಲಿ ಮ್ಯಾಲೆ ಬರದಂಗ ಬರದೀ.”

“ಔಷಧಿ ಬಾಟ್ಲಿ ಮ್ಯಾಲೆ ಊರ ಹೆಸರ ಬರದ್ರ ಹ್ಯಾಂಗ ಆಗ್ತೈತಿ ಚಾಚಾ?” ಅಂದೆ. ಅವರು ಟಿಂಗ್ ಅನ್ನಿಸಿದರು.

ಮುಂಜಾನೆಯ ಬ್ಯಾಚಿನವರು ಬಂದರು. ಯಾರಿಗೂ ಏನೂ ಹೇಳಬೇಡಿ ಎಂದು ಅಕ್ಕೋರು ಮೊದಲೇ ತಾಕೀತು ಮಾಡಿದ್ದರು. ತಾವು ಬಾಗಿಲ ಬಳಿ ಕೈಕಟ್ಟಿ ನಿಂತರು, ಕಣ್ಣು ಮುಚ್ಚಿ. ಅವರಿಗೆ ನೋಡುವುದಕ್ಕಿಂತ ಕೇಳುವುದು ಸುಲಭ. ಇಂಡಿಯ ಸೊಸೆಯೂ ಆ ದಿನ ಬೇಗ ಬಂದಿದ್ದಳು. ಮೂಲೆಯ ಗುರುತು ಒತ್ತಿ ಇಂಡಿ ಹುಡುಕಿದಳು, ಸಿಗಲಿಲ್ಲ, ಮುಖ ಸಣ್ಣದಾಯಿತು. ಆಮೇಲೆ ತುಟಿ ಅಲುಗಿಸುತ್ತ ಓದಿದಳು. ಮೊದಲನೆಯದನ್ನು ಒತ್ತಿದಳು. ಮೂಲೆಯಿಂದ ಬಳೆಯ ಮಳೆ ಶುರುವಾಯಿತು. ಅವಳ ಪಕ್ಕದಿಂದ ಇನ್ನೊಂದು. ಹಿಂದಿನಿಂದ ಮತ್ತೊಂದು. ಒಬ್ಬಳು “ದೊಡ್ಡ ಅಕ್ಷರ” ಓದಿ ಬಾಗಿಲ ಮಷೀನಿನ ಕಡೆ ತಿರುಗಿ ನೋಡಿ, “ಅದು ಅಕ್ಕೋರ್ದು” ಎಂದು ತಾನೇ ಹೇಳಿಕೊಂಡು ಮೇಲಿನದನ್ನು ಒತ್ತಿದಳು. ಕೈಕಟ್ಟಿ ಕೂತವರು ಯಾರೂ ಉಳಿಯಲಿಲ್ಲ. ಮಾತಾಡಿದರೆ ಕೇಳದಷ್ಟು ಸದ್ದಾಯಿತು. ಅಕ್ಕೋರು ಕಣ್ಣು ತೆರೆದರು.

ಚಾಚಾ ಎಲ್ಲ ಮಷೀನಿನ ಹಿಂದೆ ಒಮ್ಮೆ ನಡೆದು ಬಂದರು. ಖಾಲಿ ಕುರ್ಚಿಗಳ ಮೇಲೆ ಕೈಯಾಡಿಸಿದರು. ಟೈಪ್‌ರೈಟರ್ ಕಾಲದ ಮನುಷ್ಯ, ಸದ್ದಿಗೆ ಕರಗುತ್ತಾರೆಂದು ನನಗೆ ಗೊತ್ತಿತ್ತು. ಆದರೆ ವ್ಯಾಪಾರಸ್ಥರೂ ಹೌದು.

“ಓಡಾಕತ್ತಾವ, ಖರೇ. ಬಿಟ್ಟ ಹೋದವ್ರು ಏನ್ ಮಾಡ್ತಾರ? ಖಾಲಿ ಕುರ್ಚಿಗೆ ನಾ ಬಾಡಿಗಿ ಕಟ್ಟಲೇನ್ರಿ ಅಕ್ಕೋರ?”

“ನಾನ ಅವರ ಮನಿಗೆ ಹೋಗಿ ಕರೀತೇನ್ರಿ.”

“ಬರ್ತಾರ?”

“ಬರದಿದ್ರ ಟೆಂಪೋ ಮತ್ತ ತರ್ರಿ. ನಾನ ಮಷೀನ್ ಹೊತ್ತು ಏರಿಸ್ತೇನಿ.”

ಚಾಚಾ ಟೆಂಪೋದವನಿಗೆ ಚಹಾ ಕುಡಿಸಿ ಖಾಲಿ ಕಳಿಸಿದರು. ಮುದ್ದೇಬಿಹಾಳಕ್ಕೆ ಎರಡು ಹಳೆಯ ಮಷೀನು ಬೇರೆ ಕಡೆ ನೋಡುತ್ತೇನೆ, ತಿಂಗಳೊಪ್ಪತ್ತು ನೋಡೋಣ ಅಂದರು. ನನ್ನ ಕಡೆ ತಿರುಗಿ, “ಉಳದ ಊರಿಗೂ ಹೋಗಿ ಹಿಂಗ ಬರದು ಬಾ. ಬಸ್ಸಿಗೆ ರೊಕ್ಕಾ ಕೇಳಬ್ಯಾಡ” ಅಂದರು.

ಆ ಮಧ್ಯಾಹ್ನ ಬಿಸಿಲಲ್ಲಿ ಅಕ್ಕೋರು ಛತ್ರಿ ಹಿಡಿದು ಹೊರಟರು. ಗೊತ್ತಿಲ್ಲದ ಓಣಿಗಳಲ್ಲಿ ಗಟಾರ ಕಾಣದು ಎಂದು ನನ್ನನ್ನೂ ಕರೆದುಕೊಂಡರು. ಮೊದಲ ಮನೆಯಲ್ಲಿ ಹುಡುಗಿಯ ತಾಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಏಳಲಿಲ್ಲ.

“ಮಷೀನ್ ಚಾಲೂ ಆಗ್ಯಾವವ್ವಾ. ಮಗಳನ್ನ ಕಳಸು. ಪರೀಕ್ಷೆ ಹತ್ತರ ಬಂತು.”

“ಹೊಸಾ ಮಷೀನ್ ತಂದ್ರೇನ್ರಿ?”

“ಇಲ್ಲವ್ವಾ, ಅವನ್ನ. ಯಾವುದರಾಗ ಏನೈತಂತ ಮ್ಯಾಲೆ ಬರದೇವಿ, ಅಷ್ಟ.”

ಆ ತಾಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು. “ಅಷ್ಟಕ್ಕ ನನ್ನ ಮಗಳು ಇಷ್ಟ ದಿನಾ ಮನ್ಯಾಗ ಕುಂತ್ಲೇನ್ರಿ? ಮೊದಲ ಯಾಕ ಬರೀಲಿಲ್ಲ?”

ಅಕ್ಕೋರು ಛತ್ರಿಯ ತುದಿಯನ್ನು ನನ್ನ ಕಡೆ ತೋರಿಸಿದರು. “ಇವನ್ನ ಕೇಳು.”

“ಬರದಿದ್ದಿವ್ರಿ ಅವ್ವಾರ, ನಮಗಷ್ಟ ತಿಳಿಯೂವಂಗ ಬರದಿದ್ದಿವಿ” ಅಂದೆ.

ತಾಯಿ ನಗಲಿಲ್ಲ. ಒಳಗೆ ಮುಖ ಮಾಡಿ ಮಗಳನ್ನು ಕೂಗಿದಳು. ಹುಡುಗಿ ಹೊಸ್ತಿಲಿಗೆ ಬಂದು, ಯಾವ ಬ್ಯಾಚಿನಲ್ಲಿ ಜಾಗ ಇದೆ ಎಂದು ಕೇಳಿದಳು. ಮುಂಜಾನೆಯದರಲ್ಲಿ ಇದೆ ಎಂದು ಅಕ್ಕೋರು ಹೇಳಿ, ಮುಂದಿನ ಮನೆ ಯಾವ ಕಡೆ ಎಂದು ಅವಳನ್ನೇ ವಿಚಾರಿಸಿದರು. ಹುಡುಗಿ ಚಪ್ಪಲಿ ಮೆಟ್ಟಿಕೊಂಡು ತೋರಿಸಲು ಬಂದಳು. ಆಮೇಲಿನ ಮನೆಗಳಲ್ಲಿ ಮಾತಾಡಿದ್ದು ಅವಳೇ. ಆ ತಿಂಗಳು ಮುಗಿಯುವ ಮೊದಲೇ ಖಾಲಿ ಕುರ್ಚಿಗಳು ತುಂಬಿದವು, ಅಕ್ಕೋರು ಸಿಂದಗಿಯಲ್ಲೇ ಉಳಿದರು.